ಗಾಳಿ ಕಂಡರಾಗದವರು

ಫ್ಯಾನಣ್ಣನಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಹೆತ್ತವರು ಇಟ್ಟ ಹೆಸರು ಯಾವುದೆಂದು ಅವನ ಹೆಂಡತಿಯೇ ಒಂದು ಕ್ಷಣ ಯೋಚಿಸಿ ಹೇಳಬೇಕು. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡು, ಕಾಯಿಲ್ ಸುತ್ತುತ್ತ, ಬೇರಿಂಗ್ ಬದಲಿಸುತ್ತ, ಅಡುಗೆಮನೆಗಳಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸುತ್ತ ಅರ್ಧ ಆಯುಷ್ಯ ಕಳೆದವನನ್ನು ಜನ ಇನ್ನೇನೆಂದು ಕರೆದಾರು? ಅವನಿಗೂ ಅದರಿಂದ ಬೇಸರವಿರಲಿಲ್ಲ.

ಅವನ ತಲೆಯಲ್ಲಿ ಇದ್ದದ್ದು ಒಂದೇ ಹುಳ, ಗಾಳಿ. ಮನುಷ್ಯರಿಗೆ ಬರುವ ಕಾಯಿಲೆ, ಗಂಡ ಹೆಂಡಿರ ಜಗಳ, ಮಕ್ಕಳು ಲೆಕ್ಕದಲ್ಲಿ ಫೇಲಾಗುವುದು, ಎಲ್ಲಕ್ಕೂ ಗಾಳಿಯಾಡದ ಕೋಣೆಯೇ ಮೂಲ ಎಂದು ನಂಬಿದ್ದ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಕಿಟಕಿ ನೋಡುತ್ತಿದ್ದ. ಒಮ್ಮೆ ಸಾವಿನ ಮನೆಗೆ ಹೋಗಿ, ಅಳುತ್ತ ಕೂತವರ ನಡುವೆ ದಾರಿ ಮಾಡಿಕೊಂಡು ಹಿಂಬಾಗಿಲು ತೆರೆದು, "ಇದನ್ನ ಮೊದಲೇ ತೆಗೆದಿಟ್ಟಿದ್ರೆ..." ಎಂದು ನಿಟ್ಟುಸಿರು ಬಿಟ್ಟು ಬಂದ ಮಹಾನುಭಾವ. ಆ ಮನೆಯವರು ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ಸ್ವಂತ ಮನೆಯಲ್ಲಂತೂ ಬಚ್ಚಲೂ ಸೇರಿ ಫ್ಯಾನ್ ಇಲ್ಲದ ಜಾಗವಿರಲಿಲ್ಲ. ಪೇಪರು ಹಾರದಂತೆ ಮೇಲೊಂದು ಹಳೆಯ ಬೇರಿಂಗು, ಪರದೆ ಹಾರದಂತೆ ಅಂಚಿನೊಳಗೆ ಹೊಲಿದ ಬೇರಿಂಗು. ಒಲೆ ಹಚ್ಚಬೇಕಾದರೆ ಒಬ್ಬರು ಕಡ್ಡಿ ಗೀರಬೇಕು, ಇನ್ನೊಬ್ಬರು ಮರೆಯಾಗಿ ನಿಲ್ಲಬೇಕು. ಹೆಂಡತಿ ಮದುವೆಯಾದಾಗಿನಿಂದ ಸ್ವೆಟರ್ ಹಾಕಿಕೊಂಡೇ ಊಟ ಮಾಡಿದವಳು. ಫ್ಯಾನ್ ಕಡಿಮೆ ಮಾಡಿ ಎಂದು ಅವಳು, ಮಾಡುವುದಿಲ್ಲ ಎಂದು ಇವನು. ಈ ಒಂದು ಜಗಳವನ್ನು ಗಂಡ ಹೆಂಡಿರು ಎಷ್ಟು ಜೋಪಾನವಾಗಿ ಸಾಕಿಕೊಂಡು ಬಂದಿದ್ದರೆಂದರೆ, ಬೇರೆ ಜಗಳಗಳಿಗೆ ಸಮಯವೇ ಸಿಗುತ್ತಿರಲಿಲ್ಲ.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಊರಿಗೆಲ್ಲ ಡ್ರೈವರಕ್ಕ. ಗಂಟಲು ಹಾರ್ನಿಗಿಂತ ಜೋರು. ಹಾರ್ನು ಕೆಟ್ಟ ದಿನವೂ ಅವಳ ಬಸ್ಸು ಹೊತ್ತಿಗೆ ಸರಿಯಾಗಿ ತಲುಪುತ್ತಿತ್ತು. ಹಿಂದೆ ಡಿಪೋದ ವಿಶ್ರಾಂತಿ ಕೋಣೆಯ ಫ್ಯಾನ್ ಬಿಚ್ಚಲು ಬಂದ ಇವನು ವರ್ಷಗಟ್ಟಲೆಯ ಧೂಳನ್ನು ಅವಳ ಟೀ ಲೋಟಕ್ಕೆ ಉದುರಿಸಿ, ಚೆನ್ನಾಗಿ ಬೈಸಿಕೊಂಡು, ಆ ಬೈಗುಳಕ್ಕೇ ಮರುಳಾಗಿ, ಕೆಡದ ಫ್ಯಾನನ್ನು ರಿಪೇರಿ ಮಾಡಲು ಮತ್ತೆ ಮತ್ತೆ ಬಂದನಂತೆ. ಹಾಗೆ ಶುರುವಾದ ಸಂಸಾರ. ಒಬ್ಬಳೇ ಮಗಳು, ಈಗ ಬಣ್ಣದ ಅಂಗಡಿಯೊಂದರಲ್ಲಿ ಕೆಲಸ, ನಾಲಗೆ ಅಮ್ಮನದು.

ಕಾಯಿಲೆ ಮೊದಲು ಬಂದದ್ದು ಬಸ್ಸಿಗೆ. ಕ್ಲಚ್ಚು ಗಟ್ಟಿಯಾಗಿದೆ ಎಂದು ಡ್ರೈವರಕ್ಕ ಡಿಪೋದಲ್ಲಿ ದೂರು ಕೊಟ್ಟಳು. ಮೆಕ್ಯಾನಿಕ್ಕುಗಳು ಕ್ಲಚ್ ಪ್ಲೇಟ್ ಬದಲಿಸಿದರು. ಇನ್ನೂ ಗಟ್ಟಿ. ಬೈದಳು, ಕೇಬಲ್ ಬದಲಿಸಿದರು. ಮತ್ತೂ ಗಟ್ಟಿ. ಅವರ ಜನ್ಮ ಜಾಲಾಡಿದಳು, ಬಸ್ಸನ್ನೇ ಬದಲಿಸಿದರು. ಹೊಸ ಬಸ್ಸಿನ ಕ್ಲಚ್ಚೂ ಗಟ್ಟಿ ಎಂದಾಗ ಡಿಪೋದ ಹಿರಿಯ ಮೆಕ್ಯಾನಿಕ್ಕು ಕೈಮುಗಿದು, "ಅಕ್ಕ, ಇನ್ನು ಬದಲಿಸೋಕೆ ಉಳಿದಿರೋದು ನಿಮ್ಮ ಕಾಲೊಂದೇ" ಎಂದ. ತಮಾಷೆಗೆ ಅಂದ ಮಾತು. ಮನೆಗೆ ಬಂದು ಎಡತೊಡೆ ಒತ್ತಿ ನೋಡಿಕೊಂಡರೆ ಒಳಗೆ ಮುಷ್ಟಿ ಗಾತ್ರದ ಗಡ್ಡೆ ಕೂತಿತ್ತು.

ದೊಡ್ಡಾಸ್ಪತ್ರೆಗೆ ಹೋದರು. ರಕ್ತಕ್ಕೆ ಔಷಧಿ ಏರಿಸಿದರು, ಕೂದಲು ಉದುರಿತು, ಗಡ್ಡೆ ಅಲ್ಲಾಡಲಿಲ್ಲ. ರೇಡಿಯೇಷನ್ ಕೊಟ್ಟರು, ಚರ್ಮ ಕಪ್ಪಾಯಿತು, ಗಡ್ಡೆ ಇನ್ನಷ್ಟು ದಪ್ಪವಾಯಿತು. ಕೊನೆಗೆ ಒಬ್ಬ ವಯಸ್ಸಾದ ಸರ್ಜನ್ನು ಕನ್ನಡಕ ತೆಗೆದು ಒರೆಸುತ್ತ, ಸೊಂಟದ ಹತ್ತಿರದಿಂದ ಕಾಲು ತೆಗೆಯಬೇಕು ಎಂದರು. ಫ್ಯಾನಣ್ಣ ಎದ್ದು ಹೋಗಿ ಕಿಟಕಿ ತೆರೆದ. ಡ್ರೈವರಕ್ಕ ಮಾತ್ರ, "ಕ್ಲಚ್ ಯಾರು ತುಳೀತಾರೆ, ನೀವಾ?" ಎಂದು ಸರ್ಜನ್ನನ್ನೇ ಕೇಳಿದಳು.

ಸರ್ಜನ್ನು ಅವರಿಬ್ಬರನ್ನೂ ಕೆಳಮಹಡಿಯ ಒಬ್ಬ ಎಳೆಯ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುತ್ತಿದ್ದವರು. ಕಣ್ಣ ಕೆಳಗೆ ಕಪ್ಪು, ಜೇಬಿನ ತುಂಬ ಮುಚ್ಚಳವಿಲ್ಲದ ಪೆನ್ನು.

"ಈ ಗಡ್ಡೆ ಬೆಳೆದಿರೋ ವೇಗಕ್ಕೆ ರಕ್ತನಾಳಗಳು ಬೆಳೆದಿಲ್ಲ" ಎಂದರು ಡಾಕ್ಟರಮ್ಮ. "ಹೊರಗಿನ ಭಾಗಕ್ಕೆ ರಕ್ತ ಇದೆ. ನಡುಭಾಗಕ್ಕೆ ಇಲ್ಲ. ರಕ್ತ ಇಲ್ಲ ಅಂದ್ರೆ ಆಮ್ಲಜನಕ ಇಲ್ಲ, ಔಷಧಿನೂ ಅಲ್ಲಿಗೆ ಮುಟ್ಟಲ್ಲ. ರೇಡಿಯೇಷನ್‌ಗೂ ಆಮ್ಲಜನಕ ಇದ್ರೇನೇ ಪೂರ್ತಿ ಬಲ."

ಫ್ಯಾನಣ್ಣನ ಕಿವಿ ನೆಟ್ಟಗಾಯಿತು. "ಅಂದ್ರೆ ಕಿಟಕಿ ಇಡದೆ ಕೋಣೆ ಮೇಲೆ ಕೋಣೆ ಕಟ್ಕೊಂಡು ಹೋಗಿದೆ."

"ಹೆಚ್ಚು ಕಡಿಮೆ ಹಾಗೇ."

"ನಡುಮನೆಗೆ ಗಾಳಿನೇ ಇಲ್ಲ."

"ಇಲ್ಲ."

"ಥೂ" ಎಂದ ಫ್ಯಾನಣ್ಣ. ಹೆಂಡತಿಯ ತೊಡೆಯಲ್ಲಿ ಇಂಥ ದರಿದ್ರ ಕಟ್ಟಡ ಎದ್ದು ನಿಂತಿರುವುದು ಅವನಿಗೆ ತನ್ನ ಕಸುಬಿಗೇ ಆದ ಅವಮಾನವೆನಿಸಿತು.

"ಆ ಗಾಳಿ ಇಲ್ಲದ ನಡುಮನೆಯೇ ನಮಗೆ ಬೇಕಾಗಿರೋದು" ಎಂದರು ಡಾಕ್ಟರಮ್ಮ. "ಮಣ್ಣಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತೆ. ಅದಕ್ಕೆ ಆಮ್ಲಜನಕ ಕಂಡ್ರಾಗಲ್ಲ. ಅದರ ವಿಷದ ಗುಣ ತೆಗೆದು ಸಾಧು ಮಾಡಿದ್ದೀವಿ. ಬೀಜದ ಥರ ನಿದ್ದೆಯಲ್ಲಿರೋವಾಗ ಗಡ್ಡೆಯೊಳಕ್ಕೆ ಚುಚ್ಚುತ್ತೀವಿ. ಆ ನಡುಮನೇಲಿ ಎಚ್ಚರ ಆಗಿ ಗಡ್ಡೆಯನ್ನೇ ತಿಂದು ಬೆಳೆಯುತ್ತೆ. ತಿಂತಾ ತಿಂತಾ ರಕ್ತ ಹರಿಯೋ ಜಾಗಕ್ಕೆ ಬಂದ್ರೆ, ಆಮ್ಲಜನಕ ತಾಗಿ ಅಲ್ಲೇ ಸಾಯುತ್ತೆ. ಒಳ್ಳೆ ಮಾಂಸದ ತಂಟೆಗೆ ಹೋಗಲ್ಲ."

ಇದು ಎಲ್ಲರಿಗೂ ಫಲಿಸಿಲ್ಲ, ಜ್ವರ ಬಂದರೆ ಜೋರಾಗಿಯೇ ಬರುತ್ತದೆ, ಆಗದಿದ್ದರೆ ಕಾಲು ತೆಗೆಯುವುದು ತಪ್ಪುವುದಿಲ್ಲ, ತಡವಾದರೆ ಜೀವಕ್ಕೇ ಬರುತ್ತದೆ ಎಂದೂ ಅವರು ಬಿಡಿಸಿ ಬಿಡಿಸಿ ಹೇಳಿದರು. ಡ್ರೈವರಕ್ಕ ಎಲ್ಲ ಕೇಳಿಸಿಕೊಂಡು, "ಕಾಲು ಉಳಿಯೋ ಹಾಗಿದ್ರೆ ಬ್ಯಾಕ್ಟೀರಿಯಾ ಏನು, ಹಾವನ್ನೇ ಬಿಡಿ" ಎಂದು ಸಹಿ ಹಾಕಿದಳು. ಫ್ಯಾನಣ್ಣನ ತಲೆಯಲ್ಲಿ ಮಾತ್ರ ಒಂದೇ ಮಾತು ಗಿರಗಿರ ತಿರುಗುತ್ತಿತ್ತು. ಗಾಳಿ ತಾಗಿದರೆ ಸಾಯುತ್ತೆ.

ಅವನ ಮುಖ ಪೆಚ್ಚಾದದ್ದನ್ನು ಕಂಡ ಡಾಕ್ಟರಮ್ಮ, ಧೈರ್ಯ ಬರಲಿ ಎಂದು ಲ್ಯಾಬು ತೋರಿಸಲು ಕರೆದುಕೊಂಡು ಹೋದರು. ಅದೇ ಆದ ಎಡವಟ್ಟು. ಅಲ್ಲಿ ಮೇಜಿನ ಮೇಲೆ ಗಾಜಿನ ದೊಡ್ಡ ಪೆಟ್ಟಿಗೆ. ಅದರ ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಒಂದು ಜೊತೆ ರಬ್ಬರ್ ಗವಸು. ಲ್ಯಾಬಿನವನು ಹೊರಗೆ ನಿಂತು ಗವಸಿನೊಳಗೆ ಕೈ ತೂರಿಸಿ ಒಳಗಿನ ಬಟ್ಟಲುಗಳನ್ನು ಎತ್ತಿಡುತ್ತಿದ್ದ. ಒಳಗೆ ಒಂದು ತೊಟ್ಟು ಆಮ್ಲಜನಕ ಇಲ್ಲ, ಗವಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ತಿಂಗಳ ಬೆಳೆ ಹಾಳು ಎಂದು ಅವನು ಹೆಮ್ಮೆಯಿಂದ ಹೇಳಿದ. ಫ್ಯಾನಣ್ಣ ಆ ಪೆಟ್ಟಿಗೆಯ ಸಂದುಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದ. ಜನ್ಮವಿಡೀ ಗೋಡೆಗೆ ತೂತು ಕೊರೆದು ಬದುಕಿದವನು, ತೂತೇ ಇಲ್ಲದ ಮನೆಯನ್ನು ಮೊದಲ ಬಾರಿಗೆ ನೋಡುತ್ತಿದ್ದ. ಇಷ್ಟು ಕಾವಲಿನಲ್ಲಿ ಬೆಳೆದ ಕೂಸುಗಳು ನಾಳೆ ತನ್ನ ಮನೆಯ ಗಾಳಿಗೆ ಬಂದರೆ ಬದುಕುವುದುಂಟೇ ಎಂದು ಅವನಿಗೆ ಚಿಂತೆ ಹತ್ತಿತು.

ಮನೆಗೆ ಬಂದವನೇ ಎಲ್ಲ ಫ್ಯಾನುಗಳನ್ನೂ ಆರಿಸಿದ. ಆರಿಸಿದರೆ ಸಾಲದೆಂದು ರೆಕ್ಕೆಗಳನ್ನು ಬಿಚ್ಚಿ ಅಟ್ಟಕ್ಕೆ ಎಸೆದ. ಕಿಟಕಿ ಮುಚ್ಚಿ ಸಂದಿಗೆ ಟೇಪು ಹಚ್ಚಿದ, ಬಾಗಿಲಡಿಗೆ ಹಳೆಯ ಟವೆಲು ತುರುಕಿದ, ವೆಂಟಿಲೇಟರಿಗೆ ರಟ್ಟು ಬಡಿದ. ಸಂಜೆ ಕೆಲಸದಿಂದ ಬಂದ ಮಗಳು ಬಾಗಿಲು ತಳ್ಳಿದರೆ ಅದು ತೆರೆಯಲಿಲ್ಲ.

"ಅಪ್ಪ, ಒಳಗೇನು ಉಪ್ಪಿನಕಾಯಿ ಹಾಕ್ತಿದ್ದೀಯಾ?"

"ಬೇಗ ಒಳಗೆ ಬಾ, ಗಾಳಿ ಬರುತ್ತೆ."

ಈ ಮಾತು ಅಪ್ಪನ ಬಾಯಿಂದ ಬಂದದ್ದು ಕೇಳಿ ಮಗಳು ಬ್ಯಾಗು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ಅಮ್ಮನ ಕಾಯಿಲೆ ಎಷ್ಟು ದೊಡ್ಡದು ಎಂದು ಅವಳಿಗೆ ತಿಳಿದದ್ದು ಆಗಲೇ.

ಆಮೇಲೆ ಉಸಿರಾಟಕ್ಕೂ ಕಾಯ್ದೆ ಬಂತು. ಡ್ರೈವರಕ್ಕ ಉಸಿರನ್ನು ಸಣ್ಣ ಸಣ್ಣದಾಗಿ ಎಳೆದುಕೊಳ್ಳಬೇಕು. ಆಕಳಿಸುವ ಹಾಗಿಲ್ಲ, ಜೋರಾಗಿ ನಗುವ ಹಾಗಿಲ್ಲ, ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹಾಗಿಲ್ಲ. ಬೈಯುವುದಿದ್ದರೆ ಮೆಲ್ಲಗೆ ಬೈಯಬೇಕು. ಅವಳನ್ನು ನೋಡಲು ಡಿಪೋದಿಂದ ಬಂದವರು ಬಾಗಿಲಡಿಯ ಟವೆಲು ತಳ್ಳಿಕೊಂಡು ಒಳಗೆ ಬಂದು, ಬೆವರು ಒರೆಸಿಕೊಳ್ಳುತ್ತ ಕೂತು, ಅವಳು ಪಿಸುಗುಟ್ಟುವುದನ್ನು ಕಂಡು ಗಂಟಲಿಗೂ ಕಾಯಿಲೆ ಹಬ್ಬಿದೆಯೆಂದು ಕಣ್ಣೀರು ಹಾಕಿಕೊಂಡು ಹೋದರು. ಅಂಗಡಿಯಲ್ಲಿ ಫ್ಯಾನ್ ಕೊಳ್ಳಲು ಬಂದ ಗಿರಾಕಿಗಳಿಗೆ, "ನಿಜವಾಗ್ಲೂ ಬೇಕಾ? ಚೆನ್ನಾಗಿ ಯೋಚನೆ ಮಾಡಿ" ಎಂದು ಫ್ಯಾನಣ್ಣ ಉಪದೇಶ ಕೊಡತೊಡಗಿದ. ಎದುರು ಅಂಗಡಿಯವನಿಗೆ ವ್ಯಾಪಾರ ಚೆನ್ನಾಗಿ ಕುದುರಿತು.

ಆಶ್ಚರ್ಯವೆಂದರೆ ಡ್ರೈವರಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಸ್ವೆಟರ್ ಬಿಚ್ಚಿಟ್ಟು, ಬೆವರಿನಲ್ಲಿ ತೊಯ್ದು, ಸಣ್ಣ ಸಣ್ಣ ಉಸಿರು ಎಳೆಯುತ್ತ ಮಲಗಿದ್ದಳು. ಮಗಳು ಹಲ್ಲು ಕಚ್ಚಿ, "ನೀನಾದ್ರೂ ಹೇಳಮ್ಮ ಅಪ್ಪನಿಗೆ" ಎಂದರೆ, "ಇರ್ಲಿ ಬಿಡು" ಎಂದಳು. ಡ್ರೈವರಕ್ಕ ಇರಲಿ ಬಿಡು ಎಂದದ್ದನ್ನು ಆ ಮನೆ ಅದೇ ಮೊದಲ ಸಲ ಕೇಳಿದ್ದು.

ಚುಚ್ಚುವ ದಿನ ಬಂತು. ಉದ್ದನೆಯ ಸೂಜಿ ನೇರ ಗಡ್ಡೆಯ ನಡುವಿಗೆ ಹೋಗಿ ಬಂತು, ಅಷ್ಟೇ. ಕೆಲವು ದಿನ ಅವಳು ವಾರ್ಡಿನಲ್ಲೇ ಇರಬೇಕೆಂದರು. ಮಂಚದ ನೆತ್ತಿಯ ಮೇಲೇ ಒಂದು ಫ್ಯಾನು. ಫ್ಯಾನಣ್ಣ ಸ್ಟೂಲು ಹತ್ತಿ ಅದರ ವೈರು ಕಿತ್ತ. ವಾರ್ಡಿನ ನರ್ಸಮ್ಮ ಎಲೆಕ್ಟ್ರೀಷಿಯನ್ನನ್ನು ಕರೆಸಿ ಜೋಡಿಸಿದರು. ಇವನು ಮತ್ತೆ ಕಿತ್ತ. ಮೂರನೆಯ ಸಲ ಎಲೆಕ್ಟ್ರೀಷಿಯನ್ನು, "ಈ ಫ್ಯಾನಿಗೆ ಏನೋ ಹಿಡ್ಕೊಂಡಿದೆ" ಎಂದು ಕೈಚೆಲ್ಲಿದ. ಫ್ಯಾನಣ್ಣ ತಲೆ ತಗ್ಗಿಸಿ, ಇರಬಹುದು ಎಂದ.

ಒಂದೆರಡು ದಿನ ಏನೂ ಆಗಲಿಲ್ಲ. ಆಮೇಲೆ ಜ್ವರ ಬಂತು. ತೊಡೆ ಕುಂಬಳಕಾಯಿಯಂತೆ ಊದಿ, ಕೆಂಪಾಗಿ, ಮುಟ್ಟಿದರೆ ಸುಡುವಂತಾಯಿತು. ಡ್ರೈವರಕ್ಕ ನರಳುತ್ತಿದ್ದರೆ ಡಾಕ್ಟರಮ್ಮ ಸ್ಕ್ಯಾನ್ ನೋಡಿ, "ಎದ್ದಿವೆ" ಎಂದು ಮೆಲ್ಲಗೆ ಹೇಳಿದರು. ಫ್ಯಾನಣ್ಣನ ಕಣ್ಣು ತುಂಬಿತು. ಟೇಪು ಹಚ್ಚಿದ್ದು ದಂಡವಾಗಲಿಲ್ಲವೆಂದು ಅವನ ಸಮಾಧಾನ.

ಮಧ್ಯಾಹ್ನದ ಹೊತ್ತಿಗೆ ಜ್ವರ ಇನ್ನೂ ಏರಿತು. ಡ್ರೈವರಕ್ಕನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಅವಳ ಬೆರಳಿಗೆ ಸಿಕ್ಕಿಸಿದ ಯಂತ್ರ ಕುಂಯ್ ಕುಂಯ್ ಎನ್ನಲು ಶುರುಮಾಡಿತು. ನರ್ಸಮ್ಮ ಓಡಿ ಬಂದು ನೋಡಿ, "ಆಕ್ಸಿಜನ್ ಕಡಿಮೆಯಾಗಿದೆ" ಎಂದು ಗೋಡೆಯ ನಳಿಕೆಗೆ ಕೊಳವೆ ಸಿಕ್ಕಿಸಿ, ಅವಳ ಮೂಗು ಬಾಯಿಗೆ ಮಾಸ್ಕ್ ಹಾಕಿ ತಿರುಪು ತಿರುಗಿಸಿದರು. ಸುಸ್ಸೆಂದು ಸದ್ದಾಯಿತು. ಆ ಸದ್ದು ಯಾರಿಗೆ ಹೇಗೋ, ಫ್ಯಾನಣ್ಣನಿಗೆ ಹಾವು ಬುಸುಗುಟ್ಟಿದಂತೆ ಕೇಳಿತು. ಪೆಟ್ಟಿಗೆ ಒಡೆಯಿತು, ಬೆಳೆ ಹಾಳಾಯಿತು, ಕಾಲು ಹೋಯಿತು ಎಂದೇ ಅವನು ತಿಳಿದ.

ನರ್ಸಮ್ಮ ಡಾಕ್ಟರನ್ನು ಕರೆಯಲು ಆ ಕಡೆ ಹೋದದ್ದೇ ತಡ, ಅವನು ಕೊಳವೆಯನ್ನು ಮಡಚಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ಸದ್ದು ನಿಂತಿತು. ಯಂತ್ರದ ಕೂಗು ಜೋರಾಯಿತು. ಡ್ರೈವರಕ್ಕ ಕಣ್ಣು ಬಿಟ್ಟು ಮಾಸ್ಕಿನೊಳಗಿಂದಲೇ ನೋಡಿದಳು. ತನ್ನ ಗಂಡ, ತನ್ನ ಕೊಳವೆಯ ಕತ್ತು ಹಿಸುಕಿಕೊಂಡು, ತನಗಿಂತ ಹೆಚ್ಚು ಬೆವರುತ್ತ ನಿಂತಿದ್ದ.

"ಬಿಡ್ರೀ" ಎಂದಳು.

"ಸ್ವಲ್ಪ ತಡ್ಕೋ ಕಣೇ. ಈಗಷ್ಟೇ ಎದ್ದಿವೆ. ಸತ್ತುಹೋಗ್ತವೆ."

"ನಾನು ಸತ್ತುಹೋಗ್ತೀನಿ ಕಣ್ರೀ."

"ಕಾಲು ಹೋಗುತ್ತೆ ಕಣೇ" ಎಂದ ಫ್ಯಾನಣ್ಣ.

ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದು ಅವನ ಮುಷ್ಟಿ ನೋಡಿದರು. ಅವರು ಕೂಗಾಡಲಿಲ್ಲ. ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸುಸ್ಸೆಂದು ಗಾಳಿ ಮತ್ತೆ ಹರಿಯಿತು, ಕೂಗುತ್ತಿದ್ದ ಯಂತ್ರ ಸ್ವಲ್ಪ ಹೊತ್ತಿಗೆ ತೆಪ್ಪಗಾಯಿತು.

"ಮೂಗಿಗೆ ಹೋದ ಗಾಳಿ ಗಡ್ಡೆಯ ನಡುವಿಗೆ ಹೇಗೆ ಹೋಗುತ್ತೆ, ಹೇಳಿ" ಎಂದರು.

"ರಕ್ತದ ಜೊತೆ."

"ಅಲ್ಲಿಗೆ ರಕ್ತ ಹೋಗುತ್ತಾ?"

ಫ್ಯಾನಣ್ಣ ಕೊಳವೆ ನೋಡಿದ, ಊದಿದ ತೊಡೆ ನೋಡಿದ.

"ನಿಮ್ಮ ಮನೆಯವರನ್ನ ಬಿರುಗಾಳೀಲಿ ನಿಲ್ಲಿಸಿದ್ರೂ ಆ ನಡುಮನೆಗೆ ಗಾಳಿ ಮುಟ್ಟಲ್ಲ. ಮುಟ್ಟೋ ಹಾಗಿದ್ದಿದ್ರೆ ನಮ್ಮ ಹಳೇ ಔಷಧಿನೇ ಮುಟ್ಟಿರೋದು. ಅದು ಒಳಗಿನಿಂದ ಮುಚ್ಚಿರೋ ಮನೆ. ಹೊರಗೆ ನೀವು ಏನು ಮುಚ್ಚಿದ್ರೂ ತೆಗೆದ್ರೂ ಅದಕ್ಕೆ ಗೊತ್ತೇ ಆಗಲ್ಲ."

"ಹಾಗಾದ್ರೆ ನಾನು ಮುಚ್ಚಿದ ಕಿಟಕಿ?"

"ಸುಮ್ಮನೆ."

"ಟೇಪು?"

"ಅದೂ ಸುಮ್ಮನೆ."

"ಒಂದು ತಿಂಗಳು ನಗಬೇಡ ಅಂದಿದ್ದೆ ಡಾಕ್ಟ್ರೇ, ಇವಳಿಗೆ."

ಡಾಕ್ಟರಮ್ಮ ಪೆನ್ನು ಹುಡುಕುವವರಂತೆ ಜೇಬು ತಡಕಾಡಿದರು.

ಆ ಸಂಜೆಯೇ ತೊಡೆಗೆ ಸಣ್ಣದೊಂದು ಗಾಯ ಮಾಡಿ ಒಳಗಿನ ಕೊಳೆತದ್ದನ್ನೆಲ್ಲ ಹೊರಕ್ಕೆ ಬಸಿದರು. ವಾರ್ಡಿನ ಆ ತುದಿಯವರೆಗೂ ನಾತ ಹೊಡೆಯಿತು. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಫ್ಯಾನಣ್ಣ ಒಬ್ಬನೇ ಹತ್ತಿರ ನಿಂತು ಅದು ಪರಿಮಳವೋ ಎಂಬಂತೆ ಎದೆ ತುಂಬ ಎಳೆದುಕೊಂಡ. ಇನ್ನು ಉಳಿದ ಬ್ಯಾಕ್ಟೀರಿಯಾಗಳಿಗೆ ಆ್ಯಂಟಿಬಯಾಟಿಕ್ ಕೊಡುತ್ತೇವೆ ಎಂದು ಡಾಕ್ಟರಮ್ಮ ಹೇಳಿದಾಗ ಅವನ ಮುಖ ಸಪ್ಪಗಾಯಿತು.

"ಅಂದ್ರೆ, ಸಾಯಿಸ್ತೀರಾ?"

"ಅವುಗಳ ಕೆಲಸ ಮುಗೀತಲ್ಲ."

"ಯಾರೂ ಕಾಲಿಡದ ಕೋಣೇಲಿ ಕೂತು ಇಷ್ಟು ಕೆಲಸ ಮಾಡಿಕೊಟ್ಟೋರು ಡಾಕ್ಟ್ರೇ."

"ಅಪ್ಪ, ಅವು ಬ್ಯಾಕ್ಟೀರಿಯಾ" ಎಂದಳು ಬಾಗಿಲಲ್ಲಿ ನಿಂತ ಮಗಳು.

"ಇರಬಹುದು" ಎಂದ ಫ್ಯಾನಣ್ಣ. "ನಿಯತ್ತಿನವು." ಔಷಧಿಯ ಬಾಟಲಿ ನೇತುಹಾಕುವಾಗ ಅವನು ಆ ಕಡೆ ಮುಖ ತಿರುಗಿಸಿಕೊಂಡ.

ಗಡ್ಡೆಯ ನಡು ಟೊಳ್ಳಾಗಿತ್ತು, ಸಿಪ್ಪೆ ಮಾತ್ರ ಉಳಿದಿತ್ತು. ಜ್ವರ ಪೂರ್ತಿ ಇಳಿದ ಮೇಲೆ ಆ ಸಿಪ್ಪೆಯನ್ನು ಕತ್ತರಿಸಿ ತೆಗೆಯಬೇಕು. ಅದರ ಜೊತೆ ಎಷ್ಟು ನರ ಹೋಗುತ್ತದೆ, ಕಾಲು ಉಳಿದರೂ ಅದರಲ್ಲಿ ಬಲ ಉಳಿಯುತ್ತದೋ ಇಲ್ಲವೋ, ಆಪರೇಷನ್ ಆಗದೆ ಹೇಳಲು ಬರುವುದಿಲ್ಲ ಎಂದು ಕನ್ನಡಕದ ಸರ್ಜನ್ನು ಹೇಳಿದರು. ಆಪರೇಷನ್ನಿನ ಹಿಂದಿನ ದಿನ ಫ್ಯಾನಣ್ಣ ಮಂಚದ ಪಕ್ಕ ಕೂತು, ಮೊದಲ ಬಾರಿಗೆ ನೇರವಾಗಿ ಕೇಳಿದ.

"ಅಷ್ಟು ದಿನ ಸೆಕೇಲಿ ಬೇಯಿಸ್ದೆ. ಒಂದು ಮಾತೂ ಆಡ್ಲಿಲ್ಲವಲ್ಲ ನೀನು?"

"ಟೇಪು ಹಚ್ಚೋವಾಗ ನೀವು ಅಳ್ತಿರಲಿಲ್ಲ" ಎಂದಳು. "ಅದಕ್ಕೂ ಹಿಂದಿನ ದಿನಗಳಲ್ಲಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರಲ್ಲ, ನಂಗೇನು ಕಿವುಡಾ? ಹಚ್ಕೊಳ್ಳಿ ಅಂತ ಬಿಟ್ಟೆ. ಕೈಗೊಂದು ಕೆಲಸ ಇರಲಿ ಅಂತ."

ಫ್ಯಾನಣ್ಣ ಅವಳ ಕೈ ಹಿಡಿದುಕೊಂಡ. ಹೆಂಡತಿಯ ಮೇಲೆ ತನಗೆ ಎಷ್ಟು ಪ್ರೀತಿ ಎಂದು ಹೇಳಲು ಆ ಮನುಷ್ಯನಿಗೆ ಯಾವತ್ತೂ ಬಂದಿರಲಿಲ್ಲ, ಆಗಲೂ ಬರಲಿಲ್ಲ. ದಿಂಬು ಸರಿಮಾಡಿದ.

ಆಪರೇಷನ್ ಆಗಿ ನಾಲ್ಕಾರು ದಿನಕ್ಕೆ ಕನ್ನಡಕದ ಸರ್ಜನ್ನು, ಡಾಕ್ಟರಮ್ಮ, ನರ್ಸಮ್ಮ ಎಲ್ಲರೂ ಮಂಚದ ಸುತ್ತ ಸೇರಿದರು. ಕಾಲು ಇತ್ತು. ಬಟ್ಟೆ ಸುತ್ತಿಕೊಂಡು, ಬಡಕಲಾಗಿ, ಹಾಸಿಗೆಯ ಮೇಲೆ ಇತ್ತು. ಅದರಲ್ಲಿ ಬಲ ಇದೆಯೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸರ್ಜನ್ನು ಮಂಚದ ಕೊನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಫ್ಯಾನಣ್ಣನಿಗೆ, "ಅಂಗೈ ಚಾಚಿ, ಅವರ ಪಾದಕ್ಕೆ ಒತ್ತಿ ಹಿಡೀರಿ" ಎಂದರು. ಡ್ರೈವರಕ್ಕನ ಕಡೆ ತಿರುಗಿ, "ನೀವು ತಳ್ಳಿ. ಎಷ್ಟಾಗುತ್ತೋ ಅಷ್ಟು, ಬಲವಂತ ಬೇಡ" ಎಂದರು.

ಫ್ಯಾನಣ್ಣ ಎರಡೂ ಅಂಗೈಗಳನ್ನು ಅವಳ ಪಾದಕ್ಕೆ ಹಚ್ಚಿದ. ಪಾದ ತಣ್ಣಗಿತ್ತು. ಡ್ರೈವರಕ್ಕ ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಮಗಳು ಗೋಡೆಗೆ ಒರಗಿಕೊಂಡಳು. ಡಾಕ್ಟರಮ್ಮ ನೆಲ ನೋಡತೊಡಗಿದರು. ಇನ್ನೂ ಏನೂ ಆಗಲಿಲ್ಲ. ಫ್ಯಾನಣ್ಣನಿಗೆ ಅಂಗೈಯಲ್ಲಿ ಮೊದಲು ಒಂದು ಸಣ್ಣ ನಡುಕ ತಿಳಿಯಿತು, ಆಮೇಲೆ ಹೆಬ್ಬೆರಳು ಅಲುಗಿತು, ಆಮೇಲೆ ಅವಳು ಎದೆ ತುಂಬ ಉಸಿರೆಳೆದು ಒದ್ದಳು.

ಸ್ಟೂಲು ಒಂದು ಕಡೆ, ಫ್ಯಾನಣ್ಣ ಒಂದು ಕಡೆ. ಅವನ ತಲೆ ಔಷಧಿಯ ಕಬ್ಬಿಣದ ಗೂಟಕ್ಕೆ ಬಡಿದು ಬಾಟಲಿ ತೊಟ್ಟಿಲಿನಂತೆ ತೂಗಿತು. ನರ್ಸಮ್ಮ ಹೌಹಾರಿ ಎಬ್ಬಿಸಲು ಓಡಿದರು. ಡ್ರೈವರಕ್ಕ ಹಾಸಿಗೆಯಿಂದ ಬಗ್ಗಿ ನೋಡಿ, "ಅಯ್ಯೋ, ಪೆಟ್ಟಾಯ್ತೇನ್ರೀ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು.

ನೆಲದ ಮೇಲೆ ಅಂಗಾತ ಬಿದ್ದ ಫ್ಯಾನಣ್ಣ ಅಳುತ್ತಿದ್ದ, ನಗುತ್ತಲೂ ಇದ್ದ. ನರ್ಸಮ್ಮನ ಕೈ ತಳ್ಳಿ, ಎದ್ದು, ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಅದೇ ಜಾಗದಲ್ಲಿ ಕೂತು ಎರಡೂ ಅಂಗೈ ಚಾಚಿದ.

"ಇನ್ನೊಂದ್ಸಲ ಒದಿ ಕಣೇ" ಎಂದ.